ಎಣ್ಣೆ ಅಂದ್ರೆ ಯಾವ ಎಣ್ಣೆ?

1/10
ಹೋದ ಬೇಸಿಗೆ ರಜೆಯಲ್ಲಿ ಕೆ.ಆರ್. ಪೇಟೆ ಹತ್ತಿರ ಇರೋ ಚಿಕ್ಕಪ್ಪನ ಊರಿಗೆ ಹೋಗಿದ್ದೆ. ಕರೆಂಟು ಸರಿಯಾಗಿ ಬರ್ತಿರಲಿಲ್ಲ, ಕಬ್ಬಿಗೆ ನೀರು ಬೇಕಿತ್ತು. ಹಾಗಾಗಿ ಮೂಲೆಯಲ್ಲಿದ್ದ ಹಳೇ ಡೀಸೆಲ್ ಇಂಜಿನ್ ಮತ್ತೆ ಹೊರಗೆ ಬಂದಿತ್ತು. ಚಿಕ್ಕಪ್ಪ ನನ್ನ ಕೈಗೆ ಒಂದು ಕ್ಯಾನು ಕೊಟ್ಟು "ಹೋಗ್ಲಾ, ಐದು ಲೀಟ್ರು ಎಣ್ಣೆ ತಗಬಾ" ಅಂದ್ರು. ಬಂಕಿನ ಹುಡುಗ "ಏನ್ ಹಾಕ್ಲಿ ಅಣ್ಣ?" ಅಂದ. ನಾನೂ ಹಂಗೇ "ಎಣ್ಣೆ, ಐದು ಲೀಟ್ರು" ಅಂದೆ. ಅವನು ನನ್ನ ಸ್ಕೂಟರ್ ಕಡೆ ಒಂದ್ಸಲ ನೋಡಿದ, ಪೆಟ್ರೋಲ್ ಹಾಕಿದ. ನಾನು ಫೋನ್ ನೋಡ್ತಾ ನಿಂತಿದ್ದೆ. ಬಿಲ್ಲಿನ ಮೇಲೆ 'ಎಂ.ಎಸ್.' ಅಂತ ಇತ್ತು. ಏನೋ ಇರಬೇಕು ಅಂತ ಜೇಬಿಗೆ ಇಟ್ಕೊಂಡೆ.

ಗದ್ದೆಗೆ ಬಂದಾಗ ಚಿಕ್ಕಪ್ಪ ಆ ತುದಿಯಲ್ಲಿ ನೀರು ತಿರುಗಿಸೋಕೆ ಕಾಲುವೆ ಸರಿ ಮಾಡ್ತಿದ್ರು. ಅವರು ಬರೋದ್ರೊಳಗೆ ನಾನೇ ಟ್ಯಾಂಕಿಗೆ ಸುರಿದು ಇಂಜಿನ್ ತಿರುಗಿಸಿದೆ. ಸ್ವಲ್ಪ ಹೊತ್ತು ಓಡಿತು, ಕೆಮ್ಮಿತು, ನಿಂತಿತು. ಡೀಸೆಲ್ ಪಂಪಿಗೆ ಡೀಸೆಲ್ಲೇ ಜಿಡ್ಡು. ಪೆಟ್ರೋಲ್ ಹೋದ್ರೆ ಒಳಗೆ ಒಣಗಿದ ಹಾಗೆ ಉಜ್ಜುತ್ತೆ. ಮೆಕ್ಯಾನಿಕ್ ಬಂದು ಬಿಚ್ಚಿ, ಸಾಮಾನು ತರಿಸಿ ಹಾಕೋಕೆ ನಾಲ್ಕು ದಿನ ಆಯ್ತು. ಆ ನಾಲ್ಕು ದಿನ ಕಬ್ಬಿನ ಗರಿ ಸುತ್ತಿಕೊಳ್ಳೋದನ್ನ ನೋಡ್ತಾ ಕೂತಿದ್ದೆ. ಚಿಕ್ಕಪ್ಪ ಬೈಯಲಿಲ್ಲ. ಒಂದೇ ಮಾತು: "ಎಣ್ಣೆ ಅಂದ್ರೆ ಡೀಸಲ್ ಅಂತ ಗೊತ್ತಾಗಲ್ವೇನ್ಲಾ? ಬಿಕಾಂ ಓದ್ತಾನಂತೆ."

ಈ ಸೀರೀಸ್ ಆ ಒಂದು ಪದದ ಬಗ್ಗೆ. ಸ್ವಲ್ಪ ಉದ್ದ ಇದೆ, ಟೀ ಇಟ್ಕೊಂಡು ಓದಿ.

2/10
ತಪ್ಪು ನಂದೇ. ಆದ್ರೆ ಪದದ್ದೂ ಸ್ವಲ್ಪ ತಪ್ಪಿದೆ ಅಂತ ನನ್ನ ವಾದ. ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಎಣ್ಣೆ ಅಂದ್ರೆ ಒಗ್ಗರಣೆಗೆ ಹಾಕೋದು. ಪಾಂಡವಪುರದ ಗೆಳೆಯನ ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಅಲ್ಲಿ ಎಣ್ಣೆ ಅಂದ್ರೆ ಡೀಸೆಲ್. ನಾಗಮಂಗಲ ತಾಲೂಕಿನಲ್ಲಿರೋ ಅಜ್ಜಿಗೆ 'ಎಣ್ಣೆ ಅಂಗಡಿ' ಅಂದ್ರೆ ಇವತ್ತಿಗೂ ರೇಷನ್ ಅಂಗಡಿ. ಇನ್ನು ನಮ್ಮ ಕ್ಲಾಸಿನ ಹುಡುಗರು ಶನಿವಾರ ಸಾಯಂಕಾಲ ಹೇಳೋ ಎಣ್ಣೆ ಯಾವುದು ಅಂತ ನಿಮಗೇ ಗೊತ್ತು.

ಆದ್ರೆ ಪದ ಹುಟ್ಟಿದಾಗ ಅದರ ಅರ್ಥ ಒಂದೇ ಇತ್ತು. ಎಳ್ಳು, ಅದಕ್ಕೆ ನೆಯ್ ಸೇರಿ ಎಣ್ಣೆ ಆಗಿದ್ದು. ನೆಯ್ ಅಂದ್ರೆ ತುಪ್ಪ, ಜಿಡ್ಡು. ಅಂದ್ರೆ ಎಳ್ಳಿನ ಜಿಡ್ಡು ಮಾತ್ರ ಎಣ್ಣೆ. ಸಂಸ್ಕೃತದ ತೈಲವೂ ಅಷ್ಟೇ, ತಿಲದಿಂದ ಬಂದದ್ದು, ತಿಲ ಅಂದ್ರೂ ಎಳ್ಳೇ. ಇಂಗ್ಲಿಷಿನ ಆಯಿಲ್ ಹಿಂದೆ ಹೋದ್ರೆ ಗ್ರೀಕರ ಆಲಿವ್ ಮರ ಸಿಗುತ್ತೆ. ಯಾವ ಊರಲ್ಲಿ ಏನು ಬೆಳೀತೋ ಅದರ ಹೆಸರು ಎಲ್ಲಾ ಎಣ್ಣೆಗೂ ಅಂಟಿಕೊಳ್ತು.

ನೆಲದೊಳಗಿಂದ ಬರೋ ಎಣ್ಣೆಗೆ ಲ್ಯಾಟಿನ್‌ನಲ್ಲಿ ಪೆಟ್ರೋಲಿಯಂ ಅಂದ್ರು. ಪೆಟ್ರಾ ಅಂದ್ರೆ ಬಂಡೆ, ಓಲಿಯಂ ಅಂದ್ರೆ ಎಣ್ಣೆ. ಜರ್ಮನಿಯ ಅಗ್ರಿಕೋಲ ಅನ್ನೋ ಗಣಿ ಪಂಡಿತ 1546ರ ಪುಸ್ತಕದಲ್ಲೇ ಈ ಪದ ಬಳಸಿದ್ದಾನೆ. ನಮ್ಮವರು ಅದನ್ನ ಕಲ್ಲೆಣ್ಣೆ ಅಂತ ಮಾಡಿಕೊಂಡ್ರು. ಬಿಡಿಸಿ ಓದಿದ್ರೆ 'ಕಲ್ಲಿನ ಎಳ್ಳಿನ ತುಪ್ಪ'! ನನಗಂತೂ ಈ ಪದ ಭಾರೀ ಇಷ್ಟ. ಯಾರೂ ಬಳಸಲ್ಲ ಅನ್ನೋದು ಬೇಜಾರು.

3/10
ಫೋಟೊದಲ್ಲಿರೋ ಲಾಂದ್ರ ಅಜ್ಜಿದು. ಗಾಜು ಒಡೆದು ಎಷ್ಟೋ ವರ್ಷ ಆಗಿದೆ, ಎಸೆಯೋಕೆ ಬಿಡಲ್ಲ.

ಸೀಮೆ ಅಂದ್ರೆ ಎಲ್ಲೆ, ನಾಡು. ಆಮೇಲೆ ಹೊರಗಿನ ನಾಡು, ಅಂದ್ರೆ ವಿಲಾಯ್ತಿ. ಹೊರಗಿಂದ ಬಂದದ್ದಕ್ಕೆಲ್ಲಾ ನಮ್ಮವರು ಈ ಸೀಲು ಒತ್ತಿಬಿಟ್ರು. ಸೀಮೆಹಸು, ಸೀಮೆಬದನೆಕಾಯಿ, ಸೀಮೆಸುಣ್ಣ, ಸೀಮೆಹುಣಸೆ. ಹಾಗೇ ಸೀಮೆಎಣ್ಣೆ. ಅದಕ್ಕೂ ಮುಂಚೆ ನಮ್ಮ ಕಡೆ ದೀಪಕ್ಕೆ ಹರಳೆಣ್ಣೆ, ಹೊಂಗೆ ಎಣ್ಣೆ, ಹಿಪ್ಪೆ ಎಣ್ಣೆ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿತು. ಆದ್ರೆ ಅದು ತಂತಿ ಹಿಡಿದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಪಕ್ಕದಲ್ಲೇ ಇದ್ದ ನಮ್ಮ ಹಳ್ಳಿಗಳು ಇನ್ನೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಓದಿದ್ವು.

ಗಮನಿಸಿ, ಅದೇ ಎಣ್ಣೆಗೆ ತಮಿಳಲ್ಲಿ ಮಣ್ಣೆಣ್ಣೆಯ್, ಹಿಂದಿಯಲ್ಲಿ ಮಿಟ್ಟೀ ಕಾ ತೇಲ್. ಅವರು ಮಣ್ಣು ನೋಡಿದ್ರು, ನಾವು ಹಡಗು ನೋಡಿದ್ವಿ. ಮರಾಠಿಯವರು ರಾಕೇಲ್ ಅಂತಾರೆ. ಉತ್ತರ ಕರ್ನಾಟಕದಲ್ಲಿ ಚಿಮಣಿ ಎಣ್ಣಿ, ಅದು ದೀಪದ ಹೆಸರಿಂದ ಬಂದದ್ದು. ಕೆರೋಸಿನ್ ಅನ್ನೋದು ಕೂಡ ಮೂಲದಲ್ಲಿ ಒಂದು ಬ್ರ್ಯಾಂಡ್ ಹೆಸರು. ಕೆನಡಾದ ಅಬ್ರಹಾಂ ಗೆಸ್ನರ್ 1854ರಲ್ಲಿ ಇಟ್ಟದ್ದು, ಗ್ರೀಕಿನಲ್ಲಿ ಮೇಣಕ್ಕೆ ಕೆರೋಸ್ ಅಂತಾರೆ, ಅದರಿಂದ.

4/10
ಕನ್ನಡದವರಷ್ಟೇ ಗೊಂದಲ ಮಾಡ್ಕೊಂಡಿದ್ದಾರೆ ಅಂದ್ಕೋಬೇಡಿ.

ಜರ್ಮನಿಯಲ್ಲಿ 'ಪೆಟ್ರೋಲಿಯಂ' ಕೇಳಿದ್ರೆ ಸೀಮೆಎಣ್ಣೆ ಕೊಡ್ತಾರೆ. ಫ್ರಾನ್ಸಿನಲ್ಲಿ 'ಪೆಟ್ರೋಲ್' ಅಂದ್ರೆ ಕಚ್ಚಾ ತೈಲ, ಗಾಡಿಗೆ ಹಾಕೋದಕ್ಕೆ 'ಎಸಾನ್ಸ್' ಅನ್ನಬೇಕು. ಅಮೆರಿಕದಲ್ಲಿ ಗ್ಯಾಸೊಲಿನ್, ಬಾಯಲ್ಲಿ ಬರೀ 'ಗ್ಯಾಸ್'. ನಮಗೆ ಗ್ಯಾಸ್ ಅಂದ್ರೆ ಸಿಲಿಂಡರ್. ಸ್ಪೇನಿನಲ್ಲಿ ಗ್ಯಾಸೊಲಿನಾ ಅಂದ್ರೆ ಪೆಟ್ರೋಲ್, ಗ್ಯಾಸೋಲಿಯೊ ಅಂದ್ರೆ ಡೀಸೆಲ್. ಅಲ್ಲಿ ನನ್ನ ಥರದವನು ಹೋದ್ರೆ ಇಂಜಿನ್ ಗತಿ ಅಷ್ಟೇ! ಅರ್ಜೆಂಟೀನಾದಲ್ಲಿ ಪೆಟ್ರೋಲಿಗೆ ನಾಫ್ತಾ. ಅದೇ ಮೂಲದ ನೆಫ್ತ್ ರಷ್ಯಾದಲ್ಲಿ ಕಚ್ಚಾ ತೈಲ. ನಮ್ಮ ದೇಶದ ರಿಫೈನರಿಯಲ್ಲಿ ನಾಫ್ತಾ ಇವೆರಡೂ ಅಲ್ಲದ ಮೂರನೇ ಮಾಲು, ಪ್ಲಾಸ್ಟಿಕ್ಕಿಗೂ ಗೊಬ್ಬರಕ್ಕೂ ಹೋಗೋದು. ಬ್ರಿಟಿಷರಿಗೆ ಪ್ಯಾರಾಫಿನ್ ಅಂದ್ರೆ ಸೀಮೆಎಣ್ಣೆ, ನಮಗೆ ಮೇಣ.

ಪೆಟ್ರೋಲ್ ಅನ್ನೋ ಪದವನ್ನೇ 1890ರ ದಶಕದಲ್ಲಿ ಲಂಡನ್ನಿನ ಒಂದು ಕಂಪನಿ ತನ್ನ ಮಾಲಿನ ಹೆಸರು ಅಂತ ಮಾರಿತ್ತು. ಟ್ರೇಡ್‌ಮಾರ್ಕ್ ದಕ್ಕಲಿಲ್ಲ, ಪದ ಊರಿಗೆಲ್ಲಾ ಆಯ್ತು.

ಮನೆಯೊಳಗೆ ಇದು ತಮಾಷೆ. ಹಡಗು ತುಂಬಾ ಮಾಲು ತರಿಸೋನು ಅಗ್ರಿಮೆಂಟಿನಲ್ಲಿ 'ನಾಫ್ತಾ' ಅಂತ ಬರೆದು ಸಹಿ ಹಾಕಿದ್ರೆ?

5/10
ಹೆಸರು ತಪ್ಪಿದ್ರೆ ದುಡ್ಡು ಹೋಗೋದು ಆಮೇಲಿನ ಕಥೆ. ಮೊದಲು ಜೀವ ಹೋಗ್ತಿತ್ತು.

1859ರ ಆಗಸ್ಟ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಡ್ರೇಕ್ ಅನ್ನೋನು ಬಾವಿ ಕೊರೆದು ಎಣ್ಣೆ ತೆಗೆದ. ಆಗ ಎಲ್ಲರಿಗೂ ಬೇಕಾಗಿದ್ದು ದೀಪದ ಎಣ್ಣೆ. ಪೆಟ್ರೋಲಿನಂಥ ಹಗುರ ಭಾಗಕ್ಕೆ ಗಿರಾಕಿ ಇರಲಿಲ್ಲ, ಕಾರೇ ಇರಲಿಲ್ಲವಲ್ಲ. ಮಾರೋರು ಏನು ಮಾಡಿದ್ರು? ಬಿಸಾಕೋ ಹಗುರ ಎಣ್ಣೆಯನ್ನ ಸೀಮೆಎಣ್ಣೆಗೆ ಬೆರೆಸಿದ್ರು. ಡಬ್ಬದ ಮೇಲೆ ಹೆಸರು ಕೆರೋಸಿನ್ನೇ. ಮನೆಯೊಳಗೆ ದೀಪ ಹಚ್ಚಿದ್ರೆ ಸಿಡಿಯೋದು. ಎಷ್ಟೋ ಮನೆ ಸುಟ್ಟವು, ಹೆಂಗಸರು ಮಕ್ಕಳು ಸತ್ತರು. 1870ರಲ್ಲಿ ರಾಕ್‌ಫೆಲ್ಲರ್ ತನ್ನ ಕಂಪನಿಗೆ 'ಸ್ಟ್ಯಾಂಡರ್ಡ್ ಆಯಿಲ್' ಅಂತ ಹೆಸರಿಟ್ಟದ್ದು ಈ ಭಯದ ಮಧ್ಯೆ. ನಮ್ಮ ಎಣ್ಣೆ ಯಾವ ಡಬ್ಬದಲ್ಲೂ ಒಂದೇ ಥರ ಇರುತ್ತೆ ಅನ್ನೋದೇ ಜಾಹೀರಾತು.

ಆದ್ರೆ ಅಂಗಡಿಯವನ ಮಾತು ನಂಬೋದು ಹೇಗೆ? ಅದಕ್ಕೇ ಫ್ಲ್ಯಾಷ್ ಪಾಯಿಂಟ್ ಅನ್ನೋ ಪದ ಬಂತು. ಎಣ್ಣೆಯನ್ನ ನಿಧಾನವಾಗಿ ಬಿಸಿ ಮಾಡ್ತಾ ಮೇಲೆ ಸಣ್ಣ ಉರಿ ತೋರಿಸಬೇಕು. ಯಾವ ಬಿಸಿಯಲ್ಲಿ ಆವಿ ಪಕ್ ಅಂತ ಹೊತ್ತಿಕೊಳ್ಳುತ್ತೋ ಅದೇ ಫ್ಲ್ಯಾಷ್ ಪಾಯಿಂಟ್. ಇದರಲ್ಲೂ ಜಗಳ! ಬಾಯಿ ತೆರೆದ ಬಟ್ಟಲಿನಲ್ಲಿ ನೋಡಿದ್ರೆ ಒಂದು ನಂಬರು, ಮುಚ್ಚಿದ ಬಟ್ಟಲಿನಲ್ಲಿ ಇನ್ನೊಂದು. ಬ್ರಿಟನ್ನಿನ ಹಳೇ ಕಾನೂನು ತೆರೆದ ಬಟ್ಟಲಿಗೆ 100 ಡಿಗ್ರಿ ಫ್ಯಾರನ್‌ಹೀಟ್ ಇಟ್ಟಿತ್ತು. 1879ರಲ್ಲಿ ಫ್ರೆಡೆರಿಕ್ ಏಬೆಲ್ ಮಾಡಿದ ಮುಚ್ಚಿದ ಬಟ್ಟಲಿಗೆ ಬದಲಾಯಿಸಿದಾಗ ಅದು 73 ಆಯ್ತು. ಎಣ್ಣೆ ಅದೇ, ಅಳೆಯೋ ಬಟ್ಟಲು ಬೇರೆ. ಅಂದ್ರೆ 'ಫ್ಲ್ಯಾಷ್ ಪಾಯಿಂಟ್' ಅಂತಷ್ಟೇ ಬರೆದ್ರೆ ಸಾಲದು, ಯಾವ ಪರೀಕ್ಷೆಯದ್ದು ಅಂತಲೂ ಬರೀಬೇಕು. ಏಬೆಲ್ ಹೆಸರು ಇವತ್ತಿಗೂ ನಮ್ಮ ದೇಶದ ಸೀಮೆಎಣ್ಣೆ ಮಾನಕದಲ್ಲಿದೆ. ಅದರ ನಂಬರು ಐಎಸ್ 1459. ಅದರ ಪ್ರಕಾರ ಸೀಮೆಎಣ್ಣೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೊತ್ತಿಕೊಳ್ಳಬಾರದು. ಜೊತೆಗೆ ಸ್ಮೋಕ್ ಪಾಯಿಂಟ್ ಕಮ್ಮಿ ಅಂದ್ರೂ 18 ಮಿಲಿಮೀಟರ್, ಅಂದ್ರೆ ಹೊಗೆ ಬಿಡದೆ ಉರಿಯಬಲ್ಲ ಜ್ವಾಲೆಯ ಎತ್ತರ. ಇದನ್ನ ಅಜ್ಜಿಗೆ ಹೇಳಿದೆ. "ಅದುಕ್ಕೆ ನಂಬರ್ ಯಾಕ್ ಮಗ, ಲಾಂದ್ರದ ಗಾಜು ಕಪ್ಪಾದ್ರೆ ಗೊತ್ತಾಗಲ್ವಾ" ಅಂದ್ರು.

6/10
ಅಳತೆ. ಕೊಸರು ಕೇಳೋದು ನಮ್ಮ ಸಂತೆಯಲ್ಲಿ ಮಾತ್ರ ಅಂತಿದ್ದೆ.

ಪೆನ್ಸಿಲ್ವೇನಿಯಾದಲ್ಲಿ ಮೊದಮೊದಲು ಎಣ್ಣೆ ತುಂಬ್ತಿದ್ದು ಸಿಕ್ಕ ಸಿಕ್ಕ ಪೀಪಾಯಿಯಲ್ಲಿ, ವಿಸ್ಕಿದು, ಮೀನಿಂದು, ಏನು ಸಿಗುತ್ತೋ ಅದು. ದಾರಿಯಲ್ಲಿ ಸೋರೋದು. ಕೊಳ್ಳೋರು ಗಲಾಟೆ ಮಾಡಿದ್ರು. 1866ರಲ್ಲಿ ಉತ್ಪಾದಕರು ಕೂತು ತೀರ್ಮಾನ ಮಾಡಿದ್ರು: ದುಡ್ಡು 40 ಗ್ಯಾಲನ್ನಿಗೆ, ಕೊಳ್ಳೋನಿಗೆ ಕೊಸರು 2 ಗ್ಯಾಲನ್. 1872ರಲ್ಲಿ ಅವರ ಸಂಘ 42 ಅನ್ನೋದನ್ನೇ ಗಟ್ಟಿ ಮಾಡಿತು. ಇವತ್ತು ಟಿವಿಯಲ್ಲಿ 'ಬ್ಯಾರಲ್‌ಗೆ ಇಷ್ಟು ಡಾಲರ್' ಅಂತ ಓದ್ತಾರಲ್ಲ, ಅದು ಆ ಕೊಸರು ಸೇರಿದ ಬ್ಯಾರಲ್ಲೇ, ಸುಮಾರು 159 ಲೀಟರ್. ಮರದ ಪೀಪಾಯಿ ಹೋಗಿ ಶತಮಾನ ಆಯ್ತು, ಪದ ಹೋಗಲಿಲ್ಲ.

ನಮ್ಮ ಕಡೆಗೆ ಬಂದದ್ದು ಪೀಪಾಯಿ ಅಲ್ಲ, ನಾಲ್ಕು ಗ್ಯಾಲನ್ನಿನ ಚೌಕ ತಗಡಿನ ಡಬ್ಬ, ಹದಿನೆಂಟು ಲೀಟರ್ ಚಿಲ್ಲರೆ. ಎಣ್ಣೆ ಮುಗಿದ ಮೇಲೆ ಅದೇ ಡಬ್ಬ ನೀರು ಸೇದೋಕೆ, ರಾಗಿ ತುಂಬೋಕೆ, ಬಡಿದು ಚಪ್ಪಟೆ ಮಾಡಿ ಬಚ್ಚಲಿಗೆ ಬಾಗಿಲು ಮಾಡೋಕೆ. ಡಬ್ಬವೇ ಒಂದು ಅಳತೆ ಆಯ್ತು.

ಇನ್ನೊಂದು: ಲೀಟರ್ ಅಂದ್ರೂ ಯಾವ ಬಿಸಿಯಲ್ಲಿ ಲೀಟರ್? ಸಾವಿರ ಲೀಟರ್ ಪೆಟ್ರೋಲ್ 15 ಡಿಗ್ರಿಯಿಂದ ನಮ್ಮ ಏಪ್ರಿಲ್ಲಿನ 35ಕ್ಕೆ ಬಂದ್ರೆ 20 ಲೀಟರ್ ಆಸುಪಾಸು ಹಿಗ್ಗುತ್ತೆ. ಮಾಲು ಹೆಚ್ಚಾಗಿಲ್ಲ, ಬರೀ ಊದಿಕೊಂಡಿದೆ. ಅದಕ್ಕೇ ಐಎಸ್‌ಒ 5024 ಅನ್ನೋ ಮಾನಕ 15 ಡಿಗ್ರಿ ಸೆಲ್ಸಿಯಸ್ಸನ್ನೇ ಲೆಕ್ಕದ ಬಿಸಿ ಅಂತ ಇಟ್ಟಿದೆ. ಅಮೆರಿಕದವರು 60 ಫ್ಯಾರನ್‌ಹೀಟ್ ಬಿಡಲಿಲ್ಲ, ಅದು 15.6. ಬಂಕಿನ ಬೋರ್ಡಿನಲ್ಲಿ ಡೆನ್ಸಿಟಿ ಅಂತ ದಿನಾ ಒಂದು ನಂಬರ್ ಬರೀತಾರೆ, ನೋಡಿದ್ದೀರಾ? ಅದು 15 ಡಿಗ್ರಿಗೆ ಲೆಕ್ಕ ಹಾಕಿದ್ದು. ಅನುಮಾನ ಇದ್ದರೆ ನೀವೇ ಪರೀಕ್ಷೆ ಮಾಡಿಸಿ ಅಂತ ಕೇಳಬಹುದು.

7/10
ಇಷ್ಟೆಲ್ಲಾ ಗೊಂದಲವನ್ನ ಕೂತು ಬಗೆಹರಿಸೋರು ಯಾರು? ಐಎಸ್‌ಒ. 1947ರಲ್ಲಿ ಶುರುವಾದದ್ದು. ನಮ್ಮ ದೇಶದ ಮಾನಕ ಸಂಸ್ಥೆಯೂ 1947ರದ್ದೇ, 1987ರಿಂದ ಅದರ ಹೆಸರು ಬಿಐಎಸ್. ಬಂಗಾರದ ಮೇಲೆ ಹಾಲ್‌ಮಾರ್ಕ್ ಅಂತೀವಲ್ಲ, ಆ ಬಿಐಎಸ್ಸೇ. ಐಎಸ್‌ಒದಲ್ಲಿ ಭಾರತದ ಕುರ್ಚಿ ಅದರದ್ದು.

ಪೆಟ್ರೋಲಿಯಂ ಮಾಲಿಗೆ ಅಲ್ಲಿ ಇರೋ ಕಮಿಟಿಯ ನಂಬರು ಟಿಸಿ 28. ಬಾವಿ, ಪೈಪು, ಸಮುದ್ರದ ಮೇಲಿನ ಕಟ್ಟೆ ಇವಕ್ಕೆ ಟಿಸಿ 67. ಪದಗಳಿಗೇ ಅಂತ ಒಂದು ಮಾನಕ ಇದೆ, ಹೆಸರು 'ಪೆಟ್ರೋಲಿಯಂ ಇಂಡಸ್ಟ್ರಿ, ಟರ್ಮಿನಾಲಜಿ'. ಅದರ ನಂಬರು ಐಎಸ್‌ಒ 1998, ಅದರ ಮೊದಲ ಭಾಗ ಬಂದ ವರ್ಷವೂ 1998! ಕಚ್ಚಾ ಮಾಲು, ಪರೀಕ್ಷೆ, ಬಾವಿ ಕೊರೆಯೋದು, ರಿಫೈನರಿ, ಸಾಗಣೆ, ಅಳತೆ, ಹೀಗೆ ಭಾಗ ಭಾಗವಾಗಿ ಪದ ಮತ್ತು ಅರ್ಥ.

ಅರ್ಥ ಬರೆಯೋಕೂ ರೂಲ್ಸ್. ಒಂದು ವಸ್ತುವಿಗೆ ಒಂದು ಪದ. ಪದ ಇದ್ದ ಜಾಗದಲ್ಲಿ ಅದರ ಅರ್ಥವನ್ನೇ ಎತ್ತಿಟ್ಟರೂ ವಾಕ್ಯ ಕೆಡಬಾರದು. ಒಂದೇ ಮಾಲಿಗೆ ಹತ್ತು ಹೆಸರಿದ್ರೆ, ಒಂದು ಮೊದಲ ಆಯ್ಕೆಯ ಪದ, ಕೆಲವು ನಡೆಯುತ್ತೆ ಅನ್ನೋ ಪದ, ಉಳಿದವು ಬಿಡಬೇಕಾದ ಪದ. ಚಿಕ್ಕಪ್ಪನ 'ಎಣ್ಣೆ' ಯಾವ ಸಾಲಿಗೆ ಬೀಳುತ್ತೆ ಅಂತ ಹೇಳೋದೇ ಬೇಡ.

ತೀರ್ಮಾನ ಮಾಡೋ ರೀತಿ ಮಾತ್ರ ನಮ್ಮ ಅರಳಿಕಟ್ಟೆ ಪಂಚಾಯ್ತಿಯಂತೆಯೇ. ಕರಡು ಬರುತ್ತೆ, ದೇಶಗಳು ತಕರಾರು ಬರೆದು ಕಳಿಸ್ತವೆ, ತಿದ್ದುತ್ತಾರೆ, ಮತ್ತೆ ಕಳಿಸ್ತಾರೆ. ಕೊನೆಗೆ ಓಟು: ಕೆಲಸದಲ್ಲಿ ಭಾಗವಹಿಸೋ ದೇಶಗಳಲ್ಲಿ ಮೂರನೇ ಎರಡು ಒಪ್ಪಬೇಕು, ಒಟ್ಟು ಓಟಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ವಿರೋಧ ಇರಬಾರದು. 'ಕನ್ಸೆನ್ಸಸ್' ಅನ್ನೋ ಪದಕ್ಕೇ ಅವರು ಅರ್ಥ ಬರೆದಿಟ್ಟಿದ್ದಾರೆ. ಎಲ್ಲರೂ ಒಪ್ಪಿದ್ರು ಅಂತ ಅಲ್ಲ, ಮುಖ್ಯ ವಿಷಯದಲ್ಲಿ ಯಾರೂ ಹಠ ಹಿಡಿದು ವಿರೋಧಿಸ್ತಾ ಇಲ್ಲ ಅಂತ. ಇದನ್ನ ಓದಿದಾಗ ನಮ್ಮೂರ ಹಬ್ಬದ ಚಂದಾ ಮೀಟಿಂಗ್ ನೆನಪಾಯ್ತು.

8/10
ಈ ಭಾಗ ನನಗೆ ತುಂಬಾ ತಲೆ ತಿಂದದ್ದು.

ಮಾನಕ ಬರೆಯುವಾಗ ನಾಲ್ಕು ಇಂಗ್ಲಿಷ್ ಪದಕ್ಕೆ ಕಟ್ಟುನಿಟ್ಟು. 'ಶಲ್' ಅಂದ್ರೆ ಮಾಡಲೇಬೇಕು, ಮಾಡದಿದ್ರೆ ಮಾನಕ ಪಾಲಿಸಿಲ್ಲ ಅಂತ. 'ಶುಡ್' ಅಂದ್ರೆ ಮಾಡಿದ್ರೆ ಒಳ್ಳೇದು. 'ಮೇ' ಅಂದ್ರೆ ಅನುಮತಿ ಇದೆ. 'ಕ್ಯಾನ್' ಅಂದ್ರೆ ಆಗೋ ಸಾಧ್ಯತೆ ಇದೆ. ಒಂದರ ಜಾಗಕ್ಕೆ ಇನ್ನೊಂದು ಹಾಕೋ ಹಾಗಿಲ್ಲ.

ಈಗ ಕನ್ನಡಕ್ಕೆ ತನ್ನಿ. 'ಕ್ಯಾನಿನಲ್ಲಿ ತುಂಬಬಹುದು': ಅನುಮತಿ. 'ಈ ಪೈಪು ಬಿಸಿಗೆ ಬಿರಿಯಬಹುದು': ಪೈಪಿಗೆ ಯಾರೂ ಪರ್ಮಿಷನ್ ಕೊಟ್ಟಿಲ್ಲ! ಎರಡಕ್ಕೂ ಒಂದೇ 'ಬಹುದು'. ಹಾಗೇ 'ಬೇಕು'. 'ಹೆಲ್ಮೆಟ್ ಹಾಕಬೇಕು' ಅನ್ನೋದು ಅಮ್ಮ ಹೇಳಿದ್ರೆ ಬುದ್ಧಿಮಾತು, ಪೊಲೀಸ್ ಹೇಳಿದ್ರೆ ಫೈನು. ಮಾತಾಡುವಾಗ ಹೇಳೋರ ಮುಖ ನೋಡಿ ಗೊತ್ತಾಗುತ್ತೆ. ಕಾಗದಕ್ಕೆ ಮುಖ ಇಲ್ಲ.

ನಮ್ಮ ಕಾನೂನು ಬರೆಯೋರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ, ಅದೇ 'ತಕ್ಕದ್ದು'. 'ಪಾವತಿಸತಕ್ಕದ್ದು', 'ಹಾಜರುಪಡಿಸತಕ್ಕದ್ದು'. ಇಷ್ಟು ದಿನ ಆ ಭಾಷೆ ನೋಡಿ ನಗ್ತಿದ್ದೆ. ಅದು 'ಶಲ್' ಹೊರೋ ಕೆಲಸ ಮಾಡ್ತಿದೆ ಅಂತ ಗೊತ್ತಾದ ಮೇಲೆ ನಗು ನಿಂತಿತು. 'ಬಹುದು'ವಿನ ಎರಡು ಅರ್ಥ ಬಿಡಿಸೋಕೆ ಮಾತ್ರ ಅಂಥ ಒಂದು ಪದ ನನಗೆ ಸಿಕ್ಕಿಲ್ಲ. ಐಎಸ್‌ಒದ ಅಧಿಕೃತ ಭಾಷೆ ಮೂರು: ಇಂಗ್ಲಿಷ್, ಫ್ರೆಂಚ್, ರಷ್ಯನ್. ಬಂಕಿನ ಹುಡುಗನ ಭಾಷೆ, ಟ್ಯಾಂಕರ್ ಡ್ರೈವರ್ ಭಾಷೆ ಅಲ್ಲಿಲ್ಲ.

9/10
ಬಿಲ್ಲಿನ 'ಎಂ.ಎಸ್.'ಗೆ ಬರೋಣ. ರಜೆ ಮುಗಿದು ಜಿಎಸ್‌ಟಿ ಕ್ಲಾಸಿನಲ್ಲಿ ಕೂತಾಗ ಉತ್ತರ ಸಿಕ್ತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು, ಆದ್ರೆ ಐದು ಮಾಲಿಗೆ ಸದ್ಯಕ್ಕೆ ಹಾಕಲ್ಲ ಅಂತ ಕಾನೂನಲ್ಲೇ ಇದೆ: ಕಚ್ಚಾ ಪೆಟ್ರೋಲಿಯಂ, ಹೈಸ್ಪೀಡ್ ಡೀಸೆಲ್, ಮೋಟಾರ್ ಸ್ಪಿರಿಟ್, ನ್ಯಾಚುರಲ್ ಗ್ಯಾಸ್, ವಿಮಾನದ ಇಂಧನ. ಮೋಟಾರ್ ಸ್ಪಿರಿಟ್ ಪಕ್ಕದಲ್ಲಿ 'ಸಾಮಾನ್ಯವಾಗಿ ಪೆಟ್ರೋಲ್ ಎಂದು ಕರೆಯುವ' ಅಂತ ಕಾನೂನೇ ವಿವರಣೆ ಕೊಟ್ಟಿದೆ. ಅದೇ ಎಂ.ಎಸ್. ಕಾನೂನಿಗೆ ಪೆಟ್ರೋಲ್ ಅನ್ನೋದು ಅಡ್ಡಹೆಸರು.

ಸೀಮೆಎಣ್ಣೆ ಆ ಐದರಲ್ಲಿ ಇಲ್ಲ. ಅದಕ್ಕೆ ಜಿಎಸ್‌ಟಿ ಇದೆ: ರೇಷನ್ನಿಂದಾದ್ರೆ 5 ಪರ್ಸೆಂಟ್, ಹೊರಗೆ ಮಾರೋದಾದ್ರೆ 18. ಕಾಗದದಲ್ಲಿ ಅದರ ಹೆಸರು ಎಸ್‌ಕೆಒ, ಸುಪೀರಿಯರ್ ಕೆರೋಸಿನ್ ಆಯಿಲ್. ಯಾವುದು 'ಸುಪೀರಿಯರ್' ಅಂತ ತಿಳಿಯೋಕೆ ತೆರಿಗೆಯವರು ಕೊನೆಗೆ ಕೈ ತೋರಿಸೋದು ಮೇಲೆ ಹೇಳಿದ ಐಎಸ್ 1459 ಕಡೆಗೇ. ಲ್ಯಾಬಿನವರು ಬರೆದ ಅರ್ಥದ ಮೇಲೆ ನಮ್ಮ ಅಕೌಂಟ್ಸ್ ನಿಂತಿದೆ.

ರೇಷನ್ ಎಣ್ಣೆಗೆ ನೀಲಿ ಬಣ್ಣ ಹಾಕಿದ್ದೂ ಇದಕ್ಕೇ. ಬೆಲೆ ಕಮ್ಮಿ ಇದ್ದ ಸೀಮೆಎಣ್ಣೆಯನ್ನ ಡೀಸೆಲ್ಲಿಗೆ ಬೆರೆಸೋರು ಇದ್ದರು. ಓದೋಕೆ ಬಾರದೋರಿಗೂ ಕಣ್ಣಿಗೆ ಕಾಣಲಿ ಅಂತ ಬಣ್ಣ. ನಾನು ನೋಡಿದ ಮಾನಕಗಳಲ್ಲಿ ಅಜ್ಜಿಗೆ ಅರ್ಥ ಆಗೋ ಹಾಗೆ ಬರೆದದ್ದು ಇದೊಂದೇ.

10/10
ಕೊನೆ ಫೋಟೊ ಬೆಳ್ಳೂರು ಕ್ರಾಸಿನದ್ದು. ಮಂಗಳೂರು ರಸ್ತೆ ನಾಗಮಂಗಲ ತಾಲೂಕು ದಾಟೋದು ಇಲ್ಲೇ. ಅಜ್ಜಿ ಊರಿಗೆ ಹೋಗುವಾಗ ಟೀಗೆ ನಿಲ್ತೀವಿ. ಈಗ ಟ್ಯಾಂಕರ್ ಹಿಂದಿನ ನಂಬರ್ ಓದೋ ಚಟ ಹತ್ತಿದೆ. 1203 ಅಂದ್ರೆ ಪೆಟ್ರೋಲ್, 1202 ಡೀಸೆಲ್, 1223 ಸೀಮೆಎಣ್ಣೆ, 1075 ಅಡುಗೆ ಗ್ಯಾಸ್. ವಿಶ್ವಸಂಸ್ಥೆಯ ಕಮಿಟಿ ಕೊಟ್ಟ ನಂಬರ್‌ಗಳು. ಯಾವ ದೇಶದಲ್ಲಿ ಉರುಳಿದರೂ ಬೆಂಕಿ ಆರಿಸೋಕೆ ಬಂದೋನಿಗೆ ಒಳಗೆ ಏನಿದೆ ಅಂತ ಗೊತ್ತಾಗಬೇಕಲ್ಲ. ನಿಮ್ಮ ಮುಂದೆ 1075 ಹೋಗ್ತಿದ್ರೆ ಸ್ವಲ್ಪ ಅಂತರ ಬಿಡಿ.

ಚಿಕ್ಕಪ್ಪನೂ ಒಂದು ಮಾನಕ ಮಾಡಿದ್ರು. ಪೆಟ್ರೋಲಿಗೆ ಕೆಂಪು ಕ್ಯಾನು, ಡೀಸೆಲ್ಲಿಗೆ ನೀಲಿ ಕ್ಯಾನು. ಎಲ್ಲರಿಗೂ ಹೇಳಿದ್ದಾಯ್ತು, ಯಾರೂ ತಕರಾರು ಮಾಡಲಿಲ್ಲ, ಕನ್ಸೆನ್ಸಸ್ಸೂ ಆಯ್ತು. ಆಯುಧಪೂಜೆಗೆ ಅಜ್ಜಿ ಬಂದಿದ್ರು. ಒಲೆಗೆ ಸೌದೆ ಹೊತ್ತುತ್ತಿರಲಿಲ್ಲ. ನೀಲಿ ಕ್ಯಾನು ಎತ್ತಿಕೊಂಡು ಬಂದು "ಇದ್ರಲ್ಲಿ ವಸಿ ಸೀಮೆಎಣ್ಣೆ ಬಗ್ಗಿಸ್ಕತೀನಿ ಕಣಪ್ಪ" ಅಂದ್ರು.

ಈಗ ಎರಡೂ ಕ್ಯಾನಿನ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು ಬರೆದಿದೆ. ಬರೆದದ್ದು ನಾನೇ.

ನಿಮ್ಮನೇಲಿ ಎಣ್ಣೆ ಅಂದ್ರೆ ಯಾವುದು? ಸೀಮೆಎಣ್ಣೆಗೆ ಏನಂತಾರೆ? ಊರಿನ ಹೆಸರು ಸಮೇತ ಕಮೆಂಟ್ ಮಾಡಿ, ಒಂದು ಪಟ್ಟಿ ಮಾಡ್ತಿದ್ದೀನಿ.

#ಮಂಡ್ಯ #ಶ್ರೀರಂಗಪಟ್ಟಣ #ಪಾಂಡವಪುರ #ಕೆಆರ್‌ಪೇಟೆ #ನಾಗಮಂಗಲ #ಕಲ್ಲೆಣ್ಣೆ